ಟಿಕೆಟ್ ಆಮೇಲೆ ತಗೊಳ್ಳಿ, ಮೊದಲು ಲಸಿಕೆ ಕಾರ್ಡ್ ತೆಗೀರಿ

ನಾಯಿ, ಬೆಕ್ಕು ಕರ್ಕೊಂಡು ಬೇರೆ ದೇಶಕ್ಕೆ ಹೋಗೋದರ ಬಗ್ಗೆ ಬಂದಿರೋ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ತಗೊಂಡಿದೀನಿ. ಬಹುತೇಕ ಎಲ್ಲರೂ ಕೇಳಿರೋದು ಯಾವ ಏರ್‌ಲೈನ್ ಒಳ್ಳೇದು, ಎಷ್ಟು ದುಡ್ಡಾಗತ್ತೆ ಅಂತ. ಅದು ಮೂರನೇ ಪ್ರಶ್ನೆ ಆಗ್ಬೇಕು ಅನ್ನೋದು ನನ್ನ ಅಭಿಪ್ರಾಯ. ಮೊದಲು ಕೇಳ್ಬೇಕಾಗಿರೋದು ಹೋಗ್ತಿರೋ ದೇಶ ಏನು ಕೇಳತ್ತೆ ಅಂತ, ಆಮೇಲೆ ನಮ್ಮ ಪ್ರಾಣಿ ಈ ಪ್ರಯಾಣ ತಡ್ಕೊಳತ್ತಾ ಅಂತ, ಇವೆರಡೂ ಆದ್ಮೇಲೆ ಏರ್‌ಲೈನ್ ವಿಷಯ. ಪತ್ರಗಳಿಗೆ ಬರ್ತೀನಿ.

ಪ್ರಶ್ನೆ: ಸರ್, ಡಿಸೆಂಬರ್ 20ಕ್ಕೆ ಫ್ರಾಂಕ್‌ಫರ್ಟ್‌ಗೆ ಇಳೀತೀವಿ, ಟಿಕೆಟ್ ಆಗಿದೆ, ನಮ್ಮ ನಾಯಿ 6.8 ಕೆಜಿ, ಕ್ಯಾಬಿನ್‌ನಲ್ಲಿ 8 ಕೆಜಿ ತನಕ ಬಿಡ್ತೀವಿ ಅಂತ ಏರ್‌ಲೈನ್‌ನವರು ಹೇಳಿದಾರೆ. ರೇಬಿಸ್ ವಿಷಯದಲ್ಲಿ ಯುರೋಪ್ ಒಪ್ಪಿರೋ ದೇಶಗಳ ಲಿಸ್ಟ್‌ನಲ್ಲಿ ಇಲ್ಲದ ದೇಶದಿಂದ ಹೊರಡ್ತಿದೀವಿ. ರೇಬಿಸ್ ಲಸಿಕೆ ಹೋದ ವರ್ಷವೇ ಆಗಿದೆ, ಚರ್ಮದ ಕೆಳಗೆ ಹಾಕೋ ಗುರುತಿನ ಮೈಕ್ರೋಚಿಪ್ ಮಾತ್ರ ಹಾಕ್ಸಿಲ್ಲ, ಹೊರಡೋ ಹಿಂದಿನ ವಾರ ಹಾಕ್ಸಿದ್ರೆ ಸಾಕಲ್ವಾ? ಈಗ ಜುಲೈ, ಟೈಮ್ ತುಂಬಾ ಇದೆ ಅಂದ್ಕೊಂಡಿದೀವಿ.

ಉತ್ತರ: ಟೈಮ್ ಇದೆ, ಆದ್ರೆ ತುಂಬಾ ಇಲ್ಲ. ಮತ್ತೆ ಚಿಪ್ ಹಿಂದಿನ ವಾರ ಹಾಕ್ಸೋ ಯೋಚನೆ ಈಗ್ಲೇ ಬಿಟ್ಬಿಡಿ.

ಚಿಪ್ ಹಾಕೋ ಮುಂಚೆ ಕೊಟ್ಟಿರೋ ರೇಬಿಸ್ ಲಸಿಕೆಯನ್ನ ಯುರೋಪಿಯನ್ ಯೂನಿಯನ್ ಲೆಕ್ಕಕ್ಕೇ ತಗೊಳಲ್ಲ. ಲಸಿಕೆ ಹಾಕಿಸ್ಕೊಂಡಿದ್ದು ಇದೇ ನಾಯಿ ಅಂತ ತೋರಿಸೋಕೆ ಆ ಚಿಪ್ ನಂಬರ್ ಬಿಟ್ರೆ ಬೇರೆ ದಾರಿ ಇಲ್ಲ, ಅದಕ್ಕೇ ಚಿಪ್ ಮೊದಲು, ಲಸಿಕೆ ಆಮೇಲೆ, ಒಂದೇ ದಿನ ಆದ್ರೂ ಪರವಾಗಿಲ್ಲ ಆದ್ರೆ ಕ್ರಮ ಅದೇ. ಚಿಪ್ ಐಎಸ್‌ಓ ಸ್ಟ್ಯಾಂಡರ್ಡ್‌ದು ಇರ್ಬೇಕು, 15 ಅಂಕಿ ಇರೋದು. ವೆಟ್ (ಪಶುವೈದ್ಯರು) ಹತ್ರ ಹೋದಾಗ ಚಿಪ್ ಹಾಕಿದ ಕೂಡ್ಲೇ ಸ್ಕ್ಯಾನರ್‌ನಲ್ಲಿ ಓದಿಸಿ, ಆ 15 ಅಂಕಿ ಲಸಿಕೆ ಕಾರ್ಡ್‌ನಲ್ಲಿ ತಪ್ಪಿಲ್ಲದೆ ಬಂದಿದ್ಯಾ ಅಂತ ನೀವೇ ಒಂದೊಂದೇ ಅಂಕಿ ಬೆರಳಿಟ್ಟು ನೋಡಿ. ಒಂದು ಅಂಕಿ ಹೆಚ್ಚುಕಮ್ಮಿ ಆದ್ರೆ ಏರ್‌ಪೋರ್ಟ್‌ನಲ್ಲಿ ಅದು ಬೇರೆ ನಾಯಿ ಕಾರ್ಡ್ ಅಂತಾನೇ ಅರ್ಥ.

ಲಿಸ್ಟ್‌ನಲ್ಲಿ ಇಲ್ಲದ ದೇಶದಿಂದ ಹೋಗೋ ಪ್ರಾಣಿಗೆ ಲಸಿಕೆ ಜೊತೆ ರಕ್ತ ಪರೀಕ್ಷೆನೂ ಬೇಕು, ಎಲ್ಲರೂ ಟೈಟರ್ ಟೆಸ್ಟ್ ಅಂತಾರೆ, ರಕ್ತದಲ್ಲಿ ರೇಬಿಸ್ ವಿರುದ್ಧದ ಶಕ್ತಿ ಪ್ರತಿ ಎಂಎಲ್‌ಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಆದ್ರೂ ಇರ್ಬೇಕು, ಅದನ್ನ ಯುರೋಪ್ ಒಪ್ಪಿರೋ ಲ್ಯಾಬ್‌ನಲ್ಲೇ ಮಾಡಿಸ್ಬೇಕು. ಲಸಿಕೆ ಆಗಿ ಕನಿಷ್ಠ 30 ದಿನ ಆದ್ಮೇಲೆ ರಕ್ತ ತೆಗೀಬೇಕು, ರಕ್ತ ತೆಗೆದ ದಿನದಿಂದ ಪೂರ್ತಿ 3 ತಿಂಗಳು ಕಾಯ್ಬೇಕು. ಈ 3 ತಿಂಗಳನ್ನ ಯಾರು ಎಷ್ಟು ದುಡ್ಡು ಕೊಟ್ರೂ ಕಡಿಮೆ ಮಾಡೋಕಾಗಲ್ಲ.

ಈಗ ನಿಮ್ಮ ಡಿಸೆಂಬರ್ 20ರಿಂದ ಹಿಂದಕ್ಕೆ ಎಣಿಸೋಣ. ಸರ್ಕಾರಿ ವೆಟ್ ಕೊಡೋ ಹೆಲ್ತ್ ಸರ್ಟಿಫಿಕೇಟ್ ನೀವು ಯುರೋಪಿಗೆ ಇಳಿಯೋ ದಿನಕ್ಕೆ 10 ದಿನದೊಳಗಿನದು ಇರ್ಬೇಕು, ಅಂದ್ರೆ ಡಿಸೆಂಬರ್ 10ಕ್ಕಿಂತ ಮುಂಚಿನದು ನಡಿಯಲ್ಲ, 12ನೇ ತಾರೀಕಿಗೆ ಇಟ್ಕೊಳ್ಳಿ. ಅಷ್ಟರೊಳಗೆ 3 ತಿಂಗಳು ಮುಗಿದಿರ್ಬೇಕು ಅಂದ್ರೆ ಸೆಪ್ಟೆಂಬರ್ 8ರ ಹೊತ್ತಿಗೆ ರಕ್ತ ತೆಗೆದಿರ್ಬೇಕು. ಅದಕ್ಕಿಂತ 30 ದಿನ ಹಿಂದೆ ಲಸಿಕೆ, ಅಂದ್ರೆ ಆಗಸ್ಟ್ 5ರ ಒಳಗೆ ಚಿಪ್, ಅದಾದ ಮೇಲೆ ಹೊಸದಾಗಿ ರೇಬಿಸ್ ಲಸಿಕೆ. ನೋಡಿದ್ರಾ, ಜುಲೈ ಅಂದ್ರೆ ತುಂಬಾ ಮುಂಚೆ ಏನಲ್ಲ. ಈ ವಾರವೇ ವೆಟ್ ಹತ್ರ ಹೋಗಿ, ಒಂದು ವೇಳೆ ಟೈಟರ್ 0.5 ಬರದೆ ಇದ್ರೆ ಇನ್ನೊಂದು ಸಲ ಲಸಿಕೆ ಕೊಟ್ಟು ಟೆಸ್ಟ್ ಮಾಡಿಸೋಕೆ ಒಂದಷ್ಟು ದಿನ ಕೈಯಲ್ಲಿರತ್ತೆ. ಮುಂದೆ ಬೂಸ್ಟರ್‌ಗಳನ್ನ ಅವಧಿ ಮುಗಿಯೋದ್ರೊಳಗೆ ಹಾಕಿಸ್ತಾ ಹೋದ್ರೆ ಈ ಟೈಟರ್ ರಿಪೋರ್ಟ್ ಊರ್ಜಿತದಲ್ಲೇ ಇರತ್ತೆ, ಒಂದು ದಿನ ತಪ್ಪಿದ್ರೂ ಮತ್ತೆ ಮೊದಲಿಂದ ಎಲ್ಲಾ.

ಇನ್ನೊಂದು, ಕ್ಯಾಬಿನ್‌ನ 8 ಕೆಜಿ ಅನ್ನೋದು ನಾಯಿದಷ್ಟೇ ಅಲ್ಲ, ಬ್ಯಾಗ್ ಸೇರಿಸಿ. 6.8 ಕೆಜಿ ನಾಯಿನ 1.4 ಕೆಜಿ ಬ್ಯಾಗ್‌ನಲ್ಲಿ ಹಾಕಿದ್ರೆ 8.2 ಆಯ್ತು, ಚೆಕ್‌ಇನ್ ಕೌಂಟರ್‌ನಲ್ಲಿ ತಕ್ಕಡಿ ಮೇಲಿಟ್ಟು ಬೇಡ ಅಂದ್ರೆ ಅಂದ್ರು. ಒಂದು ಕೆಜಿಯೊಳಗಿನ ಮೆತ್ತನೆ ಬ್ಯಾಗ್ ಹುಡುಕಿ, ಅಳತೆ ನಿಮ್ಮ ಏರ್‌ಲೈನ್‌ದೇ ನೋಡ್ಕೊಳ್ಳಿ, ಲುಫ್ತಾನ್ಸಾದ ಅಳತೆ 55×40×23 ಸೆಂಮೀ ಅಂತ ಇದೆ, ಬೇರೆಯವರದ್ದು ಬೇರೆ ಇರತ್ತೆ. ಮತ್ತೆ ಟಿಕೆಟ್ ಆಗಿದೆ ಅಂದ್ರಲ್ಲ, ಅದು ನಿಮ್ಮ ಟಿಕೆಟ್, ನಾಯಿದು ಆಗಿದ್ಯಾ? ಒಂದು ವಿಮಾನದ ಕ್ಯಾಬಿನ್‌ನಲ್ಲಿ ಇಷ್ಟೇ ಪ್ರಾಣಿ ಅಂತ ಮಿತಿ ಇರತ್ತೆ, ಫೋನ್ ಮಾಡಿ ನಿಮ್ಮ ಬುಕಿಂಗ್‌ಗೆ ನಾಯಿನ ಸೇರಿಸಿದೀವಿ ಅಂತ ಬರಹದಲ್ಲಿ ತಗೊಳ್ಳಿ. ಬಿಡ್ತೀವಿ ಅಂತ ಹೇಳೋದು ಬೇರೆ, ಜಾಗ ಕೊಡೋದು ಬೇರೆ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ 30 ಕೆಜಿ. ಕಾರ್ಗೋದಲ್ಲಿ ಕಳಿಸೋಕೆ ಕೇಳಿದ್ರೆ 89 ಕೆಜಿಗೆ ಬಿಲ್ ಹಾಕಿದಾರೆ. ಅದನ್ನ ಇಟ್ಟು ಕಳಿಸೋ ಪೆಟ್ಟಿಗೆ, ಅಂದ್ರೆ ಕ್ರೇಟ್ ತೂಕ ಸೇರಿಸಿದ್ರೂ 42 ಕೆಜಿ ದಾಟಲ್ಲ. ಇದು ಮೋಸ ಅಲ್ವಾ?

ಉತ್ತರ: ಮೋಸ ಅಲ್ಲ, ಆದ್ರೆ ಯಾರಾದ್ರೂ ನಿಮಗೆ ಮೊದಲೇ ಬಿಡಿಸಿ ಹೇಳ್ಬೇಕಿತ್ತು. ಏರ್ ಕಾರ್ಗೋದಲ್ಲಿ ನಿಜವಾದ ತೂಕ ಒಂದು, ಜಾಗದ ತೂಕ ಒಂದು, ಎರಡರಲ್ಲಿ ಯಾವುದು ಜಾಸ್ತಿನೋ ಅದಕ್ಕೆ ದುಡ್ಡು. ಜಾಗದ ತೂಕ ಅಂದ್ರೆ ಕ್ರೇಟ್‌ನ ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸೋದು. ನಿಮ್ಮ ಪತ್ರದಲ್ಲಿ ಕ್ರೇಟ್ 102×69×76 ಅಂತ ಬರ್ದಿದೀರ, ಗುಣಿಸಿದ್ರೆ 5,34,888, ಭಾಗಿಸಿದ್ರೆ 89. ಅಲ್ಲಿಗೆ ಲೆಕ್ಕ ಸರಿ ಇದೆ.

ಆದ್ರೆ ಅಷ್ಟು ದೊಡ್ಡ ಕ್ರೇಟ್ ಬೇಕಾ ಅನ್ನೋದು ನೋಡ್ಬೇಕಾದ ವಿಷಯ. ವಿಮಾನದಲ್ಲಿ ಪ್ರಾಣಿ ಸಾಗಿಸೋ ನಿಯಮಗಳನ್ನ ಐಎಟಿಎ ಅನ್ನೋ ಅಂತರರಾಷ್ಟ್ರೀಯ ಏರ್‌ಲೈನ್ ಸಂಘ ಪ್ರತಿ ವರ್ಷ ಪರಿಷ್ಕರಿಸತ್ತೆ, ಕ್ರೇಟ್ ಅಳತೆ ಅದರಲ್ಲೇ ಇದೆ. ನಾಯಿನ ಗೋಡೆ ಪಕ್ಕ ನೆಟ್ಟಗೆ ನಿಲ್ಲಿಸಿ, ಮೂಗಿನ ತುದಿಯಿಂದ ಬಾಲದ ಬುಡದ ತನಕ ಟೇಪ್ ಹಿಡೀರಿ (ಬಾಲ ಸೇರಿಸ್ಬೇಡಿ), ಆಮೇಲೆ ನೆಲದಿಂದ ಮುಂಗಾಲಿನ ಮೊಣಕೈ ತನಕ, ಆಮೇಲೆ ಭುಜದ ಅಗಲ, ಕೊನೇಲಿ ನೆಲದಿಂದ ತಲೆ ಅಥವಾ ನೆಟ್ಟಗಿನ ಕಿವಿಯ ತುದಿ ತನಕ, ಯಾವುದು ಎತ್ತರವೋ ಅದು. ಉದ್ದಕ್ಕೆ ಮೊದಲನೇ ಅಳತೆಗೆ ಮೊಣಕೈ ಎತ್ತರದ ಅರ್ಧ ಸೇರಿಸ್ಬೇಕು. ಅಗಲಕ್ಕೆ ಭುಜದ ಅಗಲದ ಎರಡು ಪಟ್ಟು. ಎತ್ತರಕ್ಕೆ ಕೊನೇ ಅಳತೆ ಜೊತೆ ಕೆಳಗೆ ಹಾಸೋ ಹಾಸಿಗೆಯ ದಪ್ಪ. ನೀವು ಕಳಿಸಿರೋ ಅಳತೆ, ಉದ್ದ 85, ಮೊಣಕೈ 30, ಭುಜ 28, ಎತ್ತರ 70, ಇದಕ್ಕೆ ಕ್ರೇಟ್ ಬೇಕಾಗಿರೋದು 100×56 ಆಯ್ತು, ಎತ್ತರ 75 ಇದ್ರೆ ಆರಾಮು. ಗುಣಿಸಿ ಭಾಗಿಸಿ, 70 ಕೆಜಿ. ಅಂದ್ರೆ 19 ಕೆಜಿ ನೀವು ಖಾಲಿ ಗಾಳಿಗೆ ಕೊಡ್ತಿದೀರ. ರೆಡಿ ಕ್ರೇಟ್‌ಗಳು ಗೊತ್ತಾದ ಸೈಜ್‌ನಲ್ಲಷ್ಟೇ ಸಿಗೋದು, ಅದರಲ್ಲಿ ನಿಮ್ಮ ಅಳತೆಗೆ ಹತ್ತಿರದ್ದು ಸಿಗದೆ ಇದ್ರೆ ಅಳತೆ ಕೊಟ್ಟು ಮರದ ಕ್ರೇಟ್ ಮಾಡಿಸೋರು ಇರ್ತಾರೆ, ಮಾಡಿಸೋ ಖರ್ಚು ಮತ್ತೆ ಉಳಿಯೋ ಕಾರ್ಗೋ ದುಡ್ಡು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮರದ್ದು ಪ್ಲಾಸ್ಟಿಕ್‌ಗಿಂತ ಭಾರ, ಆದ್ರೆ 70 ದಾಟದ ತನಕ ತೂಕದ ಚಿಂತೆ ಬೇಡ. ಆದ್ರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ದುಡ್ಡು ಉಳಿಸೋಕೆ ಅಂತ ಈ ಅಳತೆಗಿಂತ ಒಂದಿಂಚು ಚಿಕ್ಕದು ತಗೋಬೇಡಿ. ನಾಯಿ ಎದ್ದು ನಿಲ್ಲೋಕೆ, ತಿರುಗೋಕೆ, ಕಾಲು ಚಾಚಿ ಮಲಗೋಕೆ ಆಗದೆ ಇದ್ರೆ ಕಾರ್ಗೋ ಕೌಂಟರ್‌ನಲ್ಲೇ ವಾಪಸ್ ಕಳಿಸ್ತಾರೆ, ಕಳಿಸ್ಬೇಕಾಗಿರೋದೂ ಸರಿಯೇ.

ಖರ್ಚಿನ ಬಗ್ಗೆ ಇನ್ನೂ ಹಲವರು ಕೇಳಿರೋದ್ರಿಂದ ಇಲ್ಲೇ ಹೇಳ್ತೀನಿ. ಪ್ರಾಣಿ ಹೋಗೋದು ಮೂರು ಥರ. ಕ್ಯಾಬಿನ್‌ನಲ್ಲಿ ನಿಮ್ಮ ಕಾಲ ಹತ್ರ, ಇದಕ್ಕೆ ನಿಗದಿ ಶುಲ್ಕ, ಅಮೆರಿಕದ ದೊಡ್ಡ ಏರ್‌ಲೈನ್‌ಗಳಲ್ಲಿ ಒಂದು ದಿಕ್ಕಿಗೆ ಸುಮಾರು 100ರಿಂದ 200 ಡಾಲರ್, ಹೋಗಿ ಬರೋಕೆ ಎರಡು ಸಲ ಕಟ್ಬೇಕು, ಮತ್ತೆ ಆ ಬ್ಯಾಗ್ ನಿಮ್ಮ ಕೈಚೀಲದ ಲೆಕ್ಕಕ್ಕೆ ಸೇರೋದೇ ಹೆಚ್ಚು. ಎರಡನೇದು ನೀವಿರೋ ವಿಮಾನದ ಕೆಳಗಡೆ ಲಗೇಜ್ ಜೊತೆ, ಇದಕ್ಕೆ ಕ್ರೇಟ್ ಸೈಜ್ ಅಥವಾ ತೂಕದ ಪ್ರಕಾರ ಶುಲ್ಕ, ಈ ಸೌಲಭ್ಯವನ್ನ ಹಲವು ಏರ್‌ಲೈನ್‌ಗಳು ನಿಲ್ಲಿಸಿಬಿಟ್ಟಿವೆ. ಮೂರನೇದು ಕಾರ್ಗೋ, ಬೇರೆ ಏರ್‌ವೇ ಬಿಲ್ (ಸರಕು ಸಾಗಣೆ ಕಾಗದ) ಮೇಲೆ, ಇದು ಎಲ್ಲಕ್ಕಿಂತ ದುಬಾರಿ. ನೀವಿರೋ ವಿಮಾನದಲ್ಲೇ ಹೋದ್ರೂ ಕಾಗದದ ಮೇಲೆ ಅದು ಸರಕು, ಹಾಗಾಗಿ ಹೋಗೋ ಕಡೆ ಕಸ್ಟಮ್ಸ್ ಕ್ಲಿಯರೆನ್ಸ್, ಹ್ಯಾಂಡ್ಲಿಂಗ್, ಇನ್‌ಸ್ಪೆಕ್ಷನ್ ಫೀಸ್ ಅಂತ ಇನ್ನೊಂದು ಬಿಲ್ ಬರತ್ತೆ. ಏಜೆಂಟ್ ಹತ್ರ ಕೇಳುವಾಗ ಇಳಿಯೋ ಕಡೆಯ ಎಲ್ಲಾ ಚಾರ್ಜ್ ಸೇರಿದ್ಯಾ ಅಂತ ಬರಹದಲ್ಲಿ ಕೇಳಿ, ಕಮ್ಮಿ ರೇಟ್ ಹೇಳಿದವರ ಬಿಲ್‌ನಲ್ಲಿ ಬಿಟ್ಟುಹೋಗಿರೋದು ಸಾಮಾನ್ಯವಾಗಿ ಇದೇ.

ಪ್ರಶ್ನೆ: ಮೂರು ವರ್ಷದ ಪಗ್, ತುಂಬಾ ಆರೋಗ್ಯವಾಗಿದೆ. ತೂಕ 9 ಕೆಜಿ, ಕ್ಯಾಬಿನ್‌ಗೆ ಬಿಡಲ್ಲ, ಕಾರ್ಗೋಗೂ ಎರಡು ಏರ್‌ಲೈನ್‌ಗಳು ಬೇಡ ಅಂದ್ವು. ಇಷ್ಟು ಆರೋಗ್ಯವಾಗಿರೋ ನಾಯಿನ ಯಾಕೆ ಬೇಡ ಅಂತಾರೆ?

ಉತ್ತರ: ಬೇಡ ಅಂದಿರೋದು ಅದರ ಮೂಗಿನ ರಚನೆ ನೋಡಿ. ನಾಯಿಗಳು ಮೈಯ ಬಿಸಿ ಹೊರಹಾಕೋದು ಹೆಚ್ಚಾಗಿ ಏದುಸಿರು ಬಿಡ್ತಾ. ಪಗ್, ಇಂಗ್ಲಿಷ್ ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬಾಕ್ಸರ್, ಬೆಕ್ಕಲ್ಲಿ ಪರ್ಷಿಯನ್, ಇವಕ್ಕೆ ಮೂಗಿನ ಹೊಳ್ಳೆ ಕಿರಿದು, ಬಾಯಿಯ ಅಂಗುಳದ ಹಿಂದಿನ ಭಾಗ ಉದ್ದವಾಗಿ ಗಂಟಲಿಗೆ ಅಡ್ಡ ಬರತ್ತೆ. ಗಾಬರಿಯಾದಾಗ ಜೋರಾಗಿ ಉಸಿರಾಡ್ತವೆ, ಜೋರಾಗಿ ಉಸಿರಾಡಿದಷ್ಟೂ ಗಂಟಲ ಒಳಗೆ ಊದಿಕೊಳ್ಳತ್ತೆ, ಗಾಳಿ ಇನ್ನೂ ಕಮ್ಮಿಯಾಗತ್ತೆ, ಮೈ ಬಿಸಿ ಏರತ್ತೆ. ಹೋಲ್ಡ್‌ನಲ್ಲಿ, ಅಂದ್ರೆ ವಿಮಾನದ ಕೆಳಗೆ ಸರಕು ಇಡೋ ಜಾಗದಲ್ಲಿ, ಅದನ್ನ ನೋಡಿ ಎತ್ತಿಕೊಳ್ಳೋಕೆ ಯಾರೂ ಇರಲ್ಲ. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಕೊಟ್ಟ ಅಂಕಿ ಪ್ರಕಾರ 2005ರ ಮೇ ತಿಂಗಳಿಂದ ಐದು ವರ್ಷದಲ್ಲಿ ಅಲ್ಲಿನ ವಿಮಾನಗಳಲ್ಲಿ ಸತ್ತ 122 ನಾಯಿಗಳಲ್ಲಿ ಹತ್ತಿರಹತ್ತಿರ ಅರ್ಧ ಈ ಚಪ್ಪಟೆ ಮೂತಿ ತಳಿಗಳು, ಅದರಲ್ಲಿ 25 ಇಂಗ್ಲಿಷ್ ಬುಲ್‌ಡಾಗ್, 11 ಪಗ್. ಅದೇ ಕಾರಣಕ್ಕೆ ಲುಫ್ತಾನ್ಸಾದಂಥ ಏರ್‌ಲೈನ್‌ಗಳು ಇವನ್ನ ಹೋಲ್ಡ್‌ನಲ್ಲಿ ತಗೊಳ್ಳೋದನ್ನೇ ನಿಲ್ಲಿಸಿದಾವೆ.

ನಿಮಗೆ ನನ್ನ ಸಲಹೆ, ತೂಕ ಇಳಿಸಿ. ನಿಮ್ಮ ವೆಟ್ ನೋಡಿ ಹೆಚ್ಚು ತೂಕ ಇದೆ ಅಂದ್ರೆ ನಾಲ್ಕೈದು ತಿಂಗಳಲ್ಲಿ ನಿಧಾನವಾಗಿ 7 ಕೆಜಿ ಹತ್ರ ತರೋದು ಸಾಧ್ಯ, ಆಗ ಕ್ಯಾಬಿನ್ ಬಾಗಿಲು ತೆಗೆಯತ್ತೆ, ಉಸಿರಾಟವೂ ಎಷ್ಟೋ ಹಗುರ ಆಗತ್ತೆ. ಅದು ಆಗಲ್ಲ ಅಂದ್ರೆ, ಯಾವುದೋ ಏರ್‌ಲೈನ್ ಒಪ್ತು ಅಂತ ಬೇಸಿಗೆಯ ಮಧ್ಯಾಹ್ನದ ಫ್ಲೈಟ್‌ಗೆ ಹಾಕ್ಬೇಡಿ ದಯವಿಟ್ಟು. ಎರಡೂ ಕಡೆ ತಂಪಿರೋ ತಿಂಗಳು, ರಾತ್ರಿಯ ನೇರ ಫ್ಲೈಟ್, ಅಳತೆಗಿಂತ 10 ಪರ್ಸೆಂಟ್ ದೊಡ್ಡ ಕ್ರೇಟ್ (ಚಪ್ಪಟೆ ಮೂತಿ ತಳಿಗೆ ಐಎಟಿಎ ನಿಯಮವೇ ಅದು), ಇಷ್ಟೂ ಸಿಗದಿದ್ರೆ ಹೊರಡೋದನ್ನ ಮುಂದಕ್ಕೆ ಹಾಕಿ.

ಪ್ರಶ್ನೆ: ಪ್ರಯಾಣ 14 ಗಂಟೆ, ಭಯ ಪಡತ್ತೆ ಅಂತ ನಿದ್ದೆ ಮಾತ್ರೆ ಕೊಡ್ಬಹುದಾ? ವಿಮಾನದ ಕೆಳಗೆ ತುಂಬಾ ಚಳಿ, ಉಸಿರಾಡೋಕೆ ಗಾಳಿನೂ ಇರಲ್ಲ ಅಂತಾರೆ, ನಿಜನಾ?

ಉತ್ತರ: ನಿದ್ದೆ ಮಾತ್ರೆ ಬೇಡ. ಅಮಲಿನಲ್ಲಿರೋ ಪ್ರಾಣಿ ಅಂತ ಗೊತ್ತಾದ್ರೆ ಏರ್‌ಲೈನ್ ಹತ್ತಿಸ್ಕೊಳಲ್ಲ. ಅದಕ್ಕಿಂತ ದೊಡ್ಡ ಕಾರಣ, ಈ ಔಷಧಿಗಳು ರಕ್ತದೊತ್ತಡ ಇಳಿಸ್ತವೆ, ಮೈ ಬಿಸಿ ಸರಿ ಮಾಡ್ಕೊಳೋ ಶಕ್ತಿ ಕುಂದಿಸ್ತವೆ, ವಿಮಾನ ಅಲ್ಲಾಡಿದಾಗ ಪ್ರಾಣಿ ಕಾಲೂರಿ ನಿಲ್ಲೋಕೂ ಆಗಲ್ಲ, ಏನಾದ್ರೂ ಆದ್ರೆ ನೋಡೋರಿಲ್ಲ. ಕ್ಯಾಬಿನ್‌ನಲ್ಲಿ ನಿಮ್ಮ ಜೊತೆ ಹೋಗೋ ತುಂಬಾ ಗಾಬರಿ ಬೀಳೋ ಬೆಕ್ಕಿಗೆ ವೆಟ್ ನೋಡಿ ಏನಾದ್ರೂ ಬರೆದುಕೊಟ್ರೆ ಅದು ಬೇರೆ ಮಾತು, ಅದನ್ನೂ ಪ್ರಯಾಣಕ್ಕೆ ವಾರಗಳ ಮುಂಚೆ ಮನೇಲಿ ಒಂದು ಸಲ ಕೊಟ್ಟು ನೋಡ್ಬೇಕು.

ಪ್ರಾಣಿ ಇಡೋ ಹೋಲ್ಡ್‌ನಲ್ಲಿ ಗಾಳಿಯ ಒತ್ತಡ ಮೇಲಿನ ಕ್ಯಾಬಿನ್‌ನಷ್ಟೇ ಇರತ್ತೆ, ಬಿಸಿ ಮಾಡೋ ವ್ಯವಸ್ಥೆನೂ ಇರತ್ತೆ, ಕೆಳಗೆ ಜೀವಂತ ಪ್ರಾಣಿ ಇದೆ ಅಂತ ಪೈಲಟ್‌ಗೆ ಬರಹದಲ್ಲೇ ತಿಳಿಸಿರ್ತಾರೆ. ಕಷ್ಟ ಆಗೋದು ಆಕಾಶದಲ್ಲಿ ಅಲ್ಲ, ನೆಲದ ಮೇಲೆ, ಕ್ರೇಟ್ ಬಿಸಿಲಲ್ಲೋ ಚಳಿಯಲ್ಲೋ ವಿಮಾನದ ಪಕ್ಕ ಕಾಯೋ ಹೊತ್ತಲ್ಲಿ. ಅಮೆರಿಕದ ನಿಯಮದಲ್ಲಿ 29.4 ಡಿಗ್ರಿ ಸೆಲ್ಸಿಯಸ್ ಮೇಲೆ ಮತ್ತೆ 7.2 ಡಿಗ್ರಿ ಕೆಳಗೆ ಅಂತ ಎರಡು ಗೆರೆ ಇರೋದು ಇದಕ್ಕೇ. ಹಾಗಾಗಿ ಫ್ಲೈಟ್ ಆರಿಸುವಾಗ ಎಷ್ಟು ಗಂಟೆ ಹಾರತ್ತೆ ಅನ್ನೋದಕ್ಕಿಂತ ಎಷ್ಟು ಹೊತ್ತಿಗೆ ಹೊರಡತ್ತೆ, ಎಷ್ಟು ಹೊತ್ತಿಗೆ ಇಳಿಯತ್ತೆ ನೋಡಿ.

ಗಾಬರಿಗೆ ನಿಜವಾದ ಔಷಧಿ ಅಭ್ಯಾಸ. ಕ್ರೇಟ್‌ನ ಎರಡು ತಿಂಗಳ ಮುಂಚೆನೇ ತಂದು ಬಾಗಿಲು ಬಿಚ್ಚಿ ಮನೇಲಿ ಇಟ್ಬಿಡಿ, ಊಟ ಅದರೊಳಗೇ ಕೊಡಿ, ಮೊದಮೊದಲು ಬಾಗಿಲ ಹತ್ರ, ಆಮೇಲೆ ದಿನಾ ಸ್ವಲ್ಪಸ್ವಲ್ಪ ಒಳಗೆ ಸರಿಸ್ತಾ ಹೋಗಿ. ತಾನಾಗೇ ಹೋಗಿ ಮಲಗೋಕೆ ಶುರು ಮಾಡಿದ ಮೇಲೆ ಬಾಗಿಲು ಹಾಕಿ ಐದು ನಿಮಿಷ, ಹತ್ತು ನಿಮಿಷ, ಒಂದು ಗಂಟೆ, ರಾತ್ರಿ ಪೂರ್ತಿ. ಹೊರಡೋ ದಿನ ಹೊಟ್ಟೆ ಬಿರಿಯ ಊಟ ಬೇಡ, ಹಲವು ಗಂಟೆ ಮುಂಚೆ ಸ್ವಲ್ಪ ಕೊಡಿ, ನೀರು ಮಾತ್ರ ತಪ್ಪಿಸ್ಬೇಡಿ. ಕ್ರೇಟ್ ಬಾಗಿಲಿಗೆ ಸಿಕ್ಕಿಸೋ ನೀರಿನ ಬಟ್ಟಲನ್ನ ಹಿಂದಿನ ರಾತ್ರಿ ಫ್ರೀಜರ್‌ನಲ್ಲಿಟ್ಟು ನೀರು ಗಡ್ಡೆ ಕಟ್ಟಿಸಿ, ಹತ್ತಿಸುವಾಗ ಚೆಲ್ಲಲ್ಲ, ನಿಧಾನಕ್ಕೆ ಕರಗತ್ತೆ, ನೆಕ್ಕುತ್ತಾ ಕೂರತ್ತೆ. ಕೆಳಗೆ ಹೀರಿಕೊಳ್ಳೋ ಪ್ಯಾಡ್, ಅದರ ಮೇಲೆ ನೀವು ಹಾಕ್ಕೊಂಡು ಒಗೆಯದೆ ಇಟ್ಟಿರೋ ಒಂದು ಟೀಶರ್ಟ್. ಮೂತಿಗೆ ಕಟ್ಟೋ ಪಟ್ಟಿ, ಬೆಲ್ಟ್ ಚೈನು ಇವೆಲ್ಲ ಕ್ರೇಟ್ ಒಳಗೆ ಬೇಡ.

ಪ್ರಶ್ನೆ: ಎರಡು ಬೆಕ್ಕು, ಲಂಡನ್‌ಗೆ. ಕ್ಯಾಬಿನ್‌ನಲ್ಲಿ ಕರ್ಕೊಂಡು ಹೋಗೋ ಏರ್‌ಲೈನ್ ಹುಡುಕ್ತಿದೀನಿ, ಯಾವುದೂ ಸಿಗ್ತಿಲ್ಲ.

ಉತ್ತರ: ಹುಡುಕೋದು ನಿಲ್ಲಿಸಿ, ಸಿಗಲ್ಲ. ಇದು ಏರ್‌ಲೈನ್ ಹಠ ಅಲ್ಲ, ಬ್ರಿಟನ್‌ನ ಕಾನೂನು. ಅಂಗವಿಕಲರಿಗೆ ನೆರವಾಗೋ ತರಬೇತಿ ಪಡೆದ ನಾಯಿ ಬಿಟ್ರೆ ವಿಮಾನದಲ್ಲಿ ಅಲ್ಲಿಗೆ ಹೋಗೋ ಪ್ರಾಣಿ ಕಾರ್ಗೋ ಆಗಿಯೇ, ಒಪ್ಪಿಗೆ ಇರೋ ರೂಟ್‌ನಲ್ಲೇ ಹೋಗ್ಬೇಕು. ಹೀಥ್ರೋದಲ್ಲಿ ಇಳಿದ್ರೆ ಅಲ್ಲಿನ ಪ್ರಾಣಿ ಸ್ವಾಗತ ಕೇಂದ್ರದಲ್ಲಿ ಕಾಗದ, ಚಿಪ್ ಎಲ್ಲಾ ನೋಡಿ ಕೈಗೆ ಕೊಡ್ತಾರೆ, ಕೆಲವು ಗಂಟೆ ಕಾಯ್ಬೇಕಾಗತ್ತೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಹಾಂಗ್‌ಕಾಂಗ್, ದುಬೈಗೂ ಇದೇ ಥರ ಕಾರ್ಗೋನೇ ದಾರಿ.

ಇನ್ನೊಂದು ದಾರಿ ಕೆಲವರು ಹಿಡೀತಾರೆ. ಪ್ಯಾರಿಸ್‌ಗೋ ಆಮ್‌ಸ್ಟರ್‌ಡ್ಯಾಮ್‌ಗೋ ಕ್ಯಾಬಿನ್‌ನಲ್ಲಿ ಹೋಗಿ, ಅಲ್ಲಿಂದ ಕಾರಿನ ಸಮೇತ ಸಮುದ್ರದ ಕೆಳಗಿನ ಸುರಂಗದ ಶಟಲ್ ರೈಲಲ್ಲೋ, ಹಡಗಲ್ಲೋ ದಾಟೋದು. ಯೂರೋಸ್ಟಾರ್ ಪ್ರಯಾಣಿಕರ ರೈಲಲ್ಲಿ ಸಾಕುಪ್ರಾಣಿ ಬಿಡಲ್ಲ, ಅದನ್ನ ನೆನಪಿಡಿ. ಈ ದಾರಿಯಲ್ಲಿ ಬೆಕ್ಕುಗಳು ನಿಮ್ಮ ಜೊತೆಗೇ ಇರ್ತವೆ, ಖರ್ಚೂ ಕಮ್ಮಿ ಆಗ್ಬಹುದು, ಆದ್ರೆ ಯುರೋಪಿನ ಸರ್ಟಿಫಿಕೇಟ್ ಬೇರೆ, ಬ್ರಿಟನ್‌ದು ಬೇರೆ, ಎರಡೂ ಬೇಕು. ನಾಯಿ ಇದ್ದೋರಿಗೆ ಇನ್ನೊಂದು, ಬ್ರಿಟನ್, ಐರ್ಲೆಂಡ್, ಮಾಲ್ಟಾ, ಫಿನ್ಲೆಂಡ್, ನಾರ್ವೆಗೆ ಹೋಗೋ ನಾಯಿಗೆ ಲಾಡಿಹುಳದ ಮಾತ್ರೆನ ವೆಟ್ ಕೈಯಲ್ಲೇ ಕೊಡಿಸಿ ದಿನ, ಗಂಟೆ ಸಮೇತ ಬರೆಸ್ಬೇಕು, ಅದೂ ಇಳಿಯೋಕೆ 24 ಗಂಟೆಗಿಂತ ಮುಂಚೆ, 120 ಗಂಟೆಯೊಳಗೆ. ಬೆಕ್ಕಿಗೆ ಅದು ಬೇಡ.

ಹೀಗೆ ಕ್ಯಾಬಿನ್‌ನಲ್ಲಿ ಹೋಗೋದಾದ್ರೆ ಏರ್‌ಪೋರ್ಟ್ ಸೆಕ್ಯೂರಿಟಿಯಲ್ಲಿ ಬ್ಯಾಗ್ ಎಕ್ಸ್‌ರೇಗೆ ಹೋಗತ್ತೆ, ಬೆಕ್ಕನ್ನ ಹೊರಗೆ ತೆಗೆದು ಎತ್ಕೊಂಡು ನಡೀಬೇಕು. ಆ ಒಂದು ನಿಮಿಷದಲ್ಲಿ ಕೈಜಾರಿ ಓಡಿದ ಬೆಕ್ಕನ್ನ ಏರ್‌ಪೋರ್ಟ್‌ನಲ್ಲಿ ಹಿಡಿಯೋದು ಎಷ್ಟು ಕಷ್ಟ ಅಂತ ಹೇಳ್ಬೇಕಾಗಿಲ್ಲ. ಮನೆಯಿಂದಲೇ ಮೈಗೆ ಹಾರ್ನೆಸ್ ಹಾಕಿ, ಹಗ್ಗ ಮಣಿಕಟ್ಟಿಗೆ ಸುತ್ಕೊಳ್ಳಿ, ಅಥವಾ ಬೇರೆ ರೂಮಲ್ಲಿ ತಪಾಸಣೆ ಮಾಡಿ ಅಂತ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ. ಎರಡು ಬೆಕ್ಕು ಅಂದ್ರೆ ಎರಡು ಬ್ಯಾಗ್, ಒಬ್ಬರಿಗೆ ಒಂದೇ ಅನ್ನೋ ಏರ್‌ಲೈನ್‌ಗಳೇ ಜಾಸ್ತಿ, ಹಾಗಾಗಿ ಇಬ್ಬರು ಹೋಗೋದು ಒಳ್ಳೇದು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಈ ಪ್ರಾಣಿ ಜೊತೆಗಿದ್ರೆ ಮಾಲೀಕರ ಮನಸ್ಸಿಗೆ ನೆಮ್ಮದಿ ಅಂತ ಎಮೋಷನಲ್ ಸಪೋರ್ಟ್ ಸರ್ಟಿಫಿಕೇಟ್ ಮಾರ್ತಾರೆ, ಅದಿದ್ರೆ ದೊಡ್ಡ ನಾಯಿನೂ ಫ್ರೀಯಾಗಿ ಕ್ಯಾಬಿನ್‌ನಲ್ಲಿ ಬರತ್ತಂತೆ?

ಉತ್ತರ: ದುಡ್ಡು ಹಾಳು. ಅಮೆರಿಕದಲ್ಲೇ 2021ರ ಜನವರಿಯಿಂದ ಅಂಥ ಪ್ರಾಣಿಯನ್ನ ಅಂಗವಿಕಲರಿಗೆ ನೆರವಾಗೋ ಸರ್ವೀಸ್ ಡಾಗ್ ಥರ ಏರ್‌ಲೈನ್ ನೋಡ್ಬೇಕಾಗಿಲ್ಲ ಅಂತ ನಿಯಮ ಬದಲಾಗಿದೆ. ಕಣ್ಣಿಲ್ಲದವರಿಗೆ ದಾರಿ ತೋರಿಸೋ ನಾಯಿಗಳ ಹೆಸರು ಇಂಥ ಕಾಗದಗಳಿಂದ ಕೆಡತ್ತೆ, ಅದಕ್ಕೇ ನನಗೆ ಇದು ಸರಿ ಕಾಣಲ್ಲ.

ಪ್ರಶ್ನೆ: ನಾಲ್ಕು ತಿಂಗಳ ಮರಿ, ಅಮೆರಿಕಾಗೆ. ಆಗತ್ತಾ?

ಉತ್ತರ: ಈಗ ಆಗಲ್ಲ. 2024ರ ಆಗಸ್ಟ್ 1ರಿಂದ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ನಿಯಮದ ಪ್ರಕಾರ ಒಳಗೆ ಬರೋ ನಾಯಿಗೆ ಕನಿಷ್ಠ 6 ತಿಂಗಳು ತುಂಬಿರ್ಬೇಕು, ಚಿಪ್ ಇರ್ಬೇಕು, ಆನ್‌ಲೈನ್ ಫಾರ್ಮ್ ತುಂಬಿದ ರಸೀದಿ ಇರ್ಬೇಕು. ನೀವು ಹೊರಡೋ ದೇಶ ಅವರ ರೇಬಿಸ್ ಹೆಚ್ಚಿರೋ ಪಟ್ಟಿಯಲ್ಲಿದ್ರೆ ಇನ್ನೂ ಇದೆ, ಸರ್ಕಾರಿ ವೆಟ್ ಸಹಿ ಮಾಡಿದ ಲಸಿಕೆ ಫಾರ್ಮ್, ಟೈಟರ್ ರಿಪೋರ್ಟ್, ಮತ್ತೆ ಅವರು ಒಪ್ಪಿರೋ ಪ್ರಾಣಿ ಆರೈಕೆ ಕೇಂದ್ರದಲ್ಲಿ ಮುಂಗಡ ಬುಕಿಂಗ್. ಆ ಕೇಂದ್ರ ಇರೋ ಏರ್‌ಪೋರ್ಟ್‌ನಲ್ಲೇ ಇಳೀಬೇಕು, ಆದ್ದರಿಂದ ಇಳಿಯೋ ಊರನ್ನ ನಾಯಿ ನೋಡ್ಕೊಂಡು ಆರಿಸಿ. ಬೆಕ್ಕಿಗೆ ಸಿಡಿಸಿ ರೇಬಿಸ್ ಕಾಗದ ಕೇಳಲ್ಲ, ಆದ್ರೆ ಹೋಗೋ ರಾಜ್ಯ ಮತ್ತೆ ಏರ್‌ಲೈನ್ ಕೇಳ್ಬಹುದು.

ಪ್ರಶ್ನೆ: ಮಗಳು ಮೆಲ್ಬರ್ನ್‌ನಲ್ಲಿ ಸೆಟ್ಲ್ ಆಗಿದಾಳೆ, ನಾವೂ ಅಲ್ಲಿಗೇ ಹೋಗ್ತಿದೀವಿ. ನಮ್ಮ ನಾಯಿಗೆ 12 ವರ್ಷ, ಹೃದಯಕ್ಕೆ ಔಷಧಿ ನಡೀತಿದೆ. ನಾವಿರೋ ದೇಶದಿಂದ ನೇರವಾಗಿ ತಗೊಳಲ್ಲ ಅಂದ್ರು. ಬಿಟ್ಟು ಹೋಗೋಕೆ ಮನಸ್ಸಿಲ್ಲ, ಏನ್ ಮಾಡೋದು ಮೇಷ್ಟ್ರೇ?

ಉತ್ತರ: ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲು ನಿಯಮ ಹೇಳ್ತೀನಿ. ಆಸ್ಟ್ರೇಲಿಯಾದಲ್ಲಿ ನಾಯಿಗಳ ರೇಬಿಸ್ ಇಲ್ಲ, ಅದನ್ನ ಹಾಗೇ ಉಳಿಸ್ಕೊಳ್ಳೋಕೆ ದೇಶಗಳನ್ನ ಗುಂಪು ಮಾಡಿದಾರೆ. ಒಪ್ಪಿಗೆ ಇಲ್ಲದ ದೇಶದ ಪ್ರಾಣಿ ಮೊದಲು ಒಪ್ಪಿಗೆ ಇರೋ ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿ ಅವರ ಶರತ್ತು ಮುಗಿಸಿ, ಅಲ್ಲಿಂದ ಬರ್ಬೇಕು. ಟೈಟರ್ ಆದ್ಮೇಲೆ 180 ದಿನ ಕಾಯ್ಬೇಕು. ಮೆಲ್ಬರ್ನ್ ಹತ್ರದ ಮಿಕಲ್‌ಹ್ಯಾಮ್ ಅನ್ನೋ ಕಡೆ ಸರ್ಕಾರದ ಕ್ವಾರಂಟೈನ್ ಕೇಂದ್ರ ಇದೆ, ಅಲ್ಲಿ ಕನಿಷ್ಠ 10 ದಿನ ಇರ್ಬೇಕು, ನಾಯಿಯ ಗುರುತನ್ನ ಸರ್ಕಾರಿ ವೆಟ್ ಮೊದಲೇ ಖಚಿತ ಮಾಡಿರದಿದ್ರೆ 30 ದಿನ. ಅಲ್ಲಿಗೆ ಹೋಗಿ ನೋಡಿ ಬರೋಕೂ ಬಿಡಲ್ಲ. ಖರ್ಚು ಅಂದ್ರೆ ಎರಡು ಸಲದ ಕಾರ್ಗೋ, ಮಧ್ಯದ ದೇಶದಲ್ಲಿ ತಿಂಗಳುಗಟ್ಟಲೆ ಇಟ್ಕೊಳ್ಳೋ ಖರ್ಚು, ಟೆಸ್ಟ್‌ಗಳು, ಇಂಪೋರ್ಟ್ ಪರ್ಮಿಟ್, ಕ್ವಾರಂಟೈನ್ ಫೀಸ್, ಇಷ್ಟೂ ಸೇರತ್ತೆ. ನಿಮ್ಮ ಟಿಕೆಟ್‌ನ ಎಷ್ಟೋ ಪಟ್ಟು.

ದುಡ್ಡಿದ್ರೂ ನಿಮ್ಮ ನಾಯಿಗೆ ನಾನು ಇದನ್ನ ಹೇಳಲ್ಲ. 12 ವರ್ಷದ, ಹೃದಯದ ಔಷಧಿ ಮೇಲಿರೋ ನಾಯಿಗೆ ಎರಡು ದೂರದ ಕಾರ್ಗೋ ಪ್ರಯಾಣ, ಮಧ್ಯೆ ಆರು ತಿಂಗಳಿಗೂ ಜಾಸ್ತಿ ಗುರುತಿಲ್ಲದ ಜಾಗ, ಇದಕ್ಕೆ ಫಿಟ್ ಅಂತ ಸರ್ಟಿಫಿಕೇಟ್ ಬರೆಯೋಕೆ ನನ್ನ ಕೈ ಏಳಲ್ಲ. ನಿಮ್ಮಲ್ಲಿ ಒಬ್ಬರು ನಿಧಾನಕ್ಕೆ ಹೊರಡೋಕೆ ಆಗತ್ತಾ ನೋಡಿ. ಆಗಲ್ಲ ಅಂದ್ರೆ ಅದಕ್ಕೆ ಈಗಾಗ್ಲೇ ಪರಿಚಯ ಇರೋ ಮನೆ, ಅದು ಬಾಲ ಅಲ್ಲಾಡಿಸ್ಕೊಂಡು ಹೋಗೋ ಮನೆ ಯಾವುದಾದ್ರೂ ಇದ್ರೆ ಅಲ್ಲಿ ಈಗಿಂದಲೇ ವಾರಕ್ಕೆರಡು ದಿನ ಬಿಡೋಕೆ ಶುರು ಮಾಡಿ, ಅದರ ಔಷಧಿ, ಅದರ ವೆಟ್, ಅದರ ಹಾಸಿಗೆ ಯಾವುದೂ ಬದಲಾಗದ ಹಾಗೆ, ಖರ್ಚು ನೀವೇ ನೋಡ್ಕೊಳ್ಳಿ. ಬಿಟ್ಟು ಹೋಗೋದು ಅಂತ ನೀವು ಬರ್ದಿದೀರ. ಅದರ ಪ್ರಾಣಕ್ಕೆ ಕುತ್ತು ತರದೆ ಇರೋದು ಬಿಟ್ಟು ಹೋಗೋದಲ್ಲ ಅಮ್ಮಾ.

ಚಿಕ್ಕ ವಯಸ್ಸಿನ ನಾಯಿ ಇರೋರು ಇದನ್ನ ಓದಿ ಹೆದರ್ಕೋಬೇಡಿ, ಒಂದು ವರ್ಷದ ತಯಾರಿ ಇದ್ರೆ ಆಸ್ಟ್ರೇಲಿಯಾ ಆಗೋ ಕೆಲಸವೇ. ಜಪಾನ್‌ಗೂ ಹೀಗೇ 180 ದಿನದ ಕಾಯುವಿಕೆ ಇದೆ, ಚಿಪ್ ಆದ್ಮೇಲೆ ಎರಡು ರೇಬಿಸ್ ಲಸಿಕೆ ಬೇಕು, ಇಳಿಯೋಕೆ 40 ದಿನ ಮುಂಚೆ ತಿಳಿಸ್ಬೇಕು, ಎಲ್ಲಾ ಸರಿ ಇದ್ರೆ 12 ಗಂಟೆಯೊಳಗೆ ತಪಾಸಣೆ ಮುಗಿಯತ್ತೆ, ಸರಿ ಇಲ್ಲದಿದ್ರೆ 180 ದಿನದ ತನಕ ಅಲ್ಲೇ ಇಟ್ಕೊಳ್ತಾರೆ. ಅದೇ 180 ದಿನ ಮನೇಲಿ ನಿಮ್ಮ ಜೊತೆ ಕಳೀಬೇಕಾ, ಕ್ವಾರಂಟೈನ್ ಗೂಡಲ್ಲಿ ಕಳೀಬೇಕಾ ಅನ್ನೋದು ನೀವು ಯಾವಾಗ ಶುರು ಮಾಡ್ತೀರ ಅನ್ನೋದರ ಮೇಲಿದೆ.

ಪ್ರಶ್ನೆ: ಬೂದು ಬಣ್ಣದ ಆಫ್ರಿಕನ್ ಗಿಳಿ ಇದೆ, ಕರ್ಕೊಂಡು ಹೋಗ್ಬಹುದಾ?

ಉತ್ತರ: ಸುಲಭ ಇಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯೋ ಸೈಟಿಸ್ ಒಪ್ಪಂದದಲ್ಲಿ 2017ರಿಂದ ಆಫ್ರಿಕನ್ ಗ್ರೇ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ, ಹೊರಡೋ ದೇಶದ ಪರ್ಮಿಟ್, ಹೋಗೋ ದೇಶದ ಪರ್ಮಿಟ್ ಎರಡೂ ಬೇಕು, ಗಿಳಿ ಎಲ್ಲಿಂದ ಬಂತು ಅನ್ನೋದಕ್ಕೆ ಕಾಗದ ಇಲ್ಲದಿದ್ರೆ ಏರ್‌ಪೋರ್ಟ್‌ನಲ್ಲಿ ಜಪ್ತಿ ಆಗತ್ತೆ. ಬಜರಿಗಾರ್, ಕಾಕಟೀಲ್ ಈ ಪಟ್ಟಿಗಳಲ್ಲಿಲ್ಲ, ಆದ್ರೆ ಹಕ್ಕಿಜ್ವರದ ಕಾರಣಕ್ಕೆ ಹಕ್ಕಿಗಳಿಗೆ ಬೇರೆ ನಿಯಮ ಇರತ್ತೆ.

ಪ್ರಶ್ನೆ: ಮಧ್ಯೆ ಒಂದು ದೇಶದಲ್ಲಿ 9 ಗಂಟೆ ಕಾಯೋದಿದೆ, ಏರ್‌ಲೈನೂ ಬದಲಾಗತ್ತೆ. ಟಿಕೆಟ್ ಇದ್ರಲ್ಲೇ ಅಗ್ಗ. ಕಾಗದಗಳನ್ನ ಎಲ್ಲಿಟ್ಕೊಳ್ಳೋದು?

ಉತ್ತರ: ಆ ಅಗ್ಗದ ಟಿಕೆಟ್ ಬೇಡ. ಏರ್‌ಲೈನ್ ಬದಲಾದ್ರೆ ಒಬ್ಬರು ತಂದ ಪ್ರಾಣಿನ ಇನ್ನೊಬ್ಬರು ಹಾಗೇ ಮುಂದಕ್ಕೆ ಒಯ್ಯೋದು ಅಪರೂಪ, ನೀವು ಹೊರಗೆ ಬಂದು ನಾಯಿ ಬಿಡಿಸ್ಕೊಂಡು ಮತ್ತೆ ಚೆಕ್‌ಇನ್ ಮಾಡ್ಬೇಕು, ಹೊರಗೆ ಬಂದ ಕೂಡ್ಲೇ ಆ ಮಧ್ಯದ ದೇಶದ ಆಮದು ನಿಯಮ ಪೂರ್ತಿ ನಿಮಗೆ ಅನ್ವಯ ಆಗತ್ತೆ. ನೇರ ಫ್ಲೈಟ್ ಸಿಗದಿದ್ರೆ ಒಂದೇ ಏರ್‌ಲೈನ್‌ನಲ್ಲಿ, ಪ್ರಾಣಿಗಳಿಗೆ ಜಾಗ ಇರೋ ಏರ್‌ಪೋರ್ಟ್ ಮೂಲಕ ಹೋಗಿ, ಫ್ರಾಂಕ್‌ಫರ್ಟ್‌ನಲ್ಲಿ ಲುಫ್ತಾನ್ಸಾ ಕಾರ್ಗೋದ ಅನಿಮಲ್ ಲೌಂಜ್ ಇದೆ, ಅಲ್ಲಿ ಪ್ರಾಣಿನ ನೋಡ್ಕೊಳ್ಳೋಕೆ ಜನ ಇರ್ತಾರೆ.

ಕಾಗದದ ಅಸಲು ಪ್ರತಿ ನಿಮ್ಮ ಕೈಚೀಲದಲ್ಲಿ, ಚೆಕ್‌ಇನ್ ಲಗೇಜ್‌ನಲ್ಲಿ ಯಾವತ್ತೂ ಬೇಡ. ಒಂದು ಸೆಟ್ ಜೆರಾಕ್ಸ್ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕ್ರೇಟ್ ಮೇಲೆ ಅಂಟಿಸಿ, ಗಾಳಿ ಕಿಂಡಿ ಮುಚ್ಚದ ಹಾಗೆ. ಇನ್ನೊಂದು ಸೆಟ್ ಫೋನ್‌ನಲ್ಲಿ, ನೆಟ್ ಇಲ್ಲದಿದ್ರೂ ತೆಗೆಯೋಕೆ ಬರೋ ಹಾಗೆ. ಕ್ರೇಟ್ ಮೇಲೆ ನಾಯಿಯ ಹೆಸರು ದಪ್ಪ ಅಕ್ಷರದಲ್ಲಿ ಬರೀರಿ, ಎತ್ತಿಡೋರು ಹೆಸರು ಹಿಡಿದು ಮಾತಾಡಿಸ್ತಾರೆ, ಜೊತೆಗೆ ಇಳಿಯೋ ಕಡೆ ಎತ್ತೋ ಫೋನ್ ನಂಬರ್, ಮತ್ತೆ ಒಂದು ಹೊತ್ತಿನ ಒಣ ಆಹಾರ ಸಣ್ಣ ಪೊಟ್ಟಣದಲ್ಲಿ, ಫ್ಲೈಟ್ ತಡ ಆದ್ರೆ ಕೊಡೋಕೆ.